ಶುಶ್ರೂಷೆ ಒಬ್ಬರ ವ್ರತವೇ?

ಜಿನಶಾಸನದಲ್ಲಿ ತಪಸ್ಸು ಬಾಹ್ಯವೆಂದೂ ಆಭ್ಯಂತರವೆಂದೂ ಎರಡು ತೆರನಾಗಿ ಹೇಳಲ್ಪಟ್ಟಿದೆ. ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ ಎಂಬ ಆರು ಬಾಹ್ಯ ತಪಸ್ಸುಗಳು. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ ಎಂಬ ಆರು ಆಭ್ಯಂತರ ತಪಸ್ಸುಗಳು. ಉಪವಾಸವು ಹೊರಗಿನ ಆರರಲ್ಲಿ ಮೊದಲನೆಯದು. ಸೇವಾರೂಪವಾದ ವೈಯಾವೃತ್ತ್ಯವು ಒಳಗಿನ ಆರರಲ್ಲಿ ಮೂರನೆಯದು. ಲೋಕವ್ಯವಹಾರವಾದರೋ ಇದಕ್ಕೆ ವಿಪರೀತವಾಗಿದೆ. ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಉಪವಾಸ ಮಾಡಿದವರ ಪಾರಣೆಗೆ ಬಂಧುಬಾಂಧವರೆಲ್ಲ ನೆರೆಯುತ್ತಾರೆ. ಬಸದಿಯಲ್ಲಿ ಸನ್ಮಾನ ನಡೆಯುತ್ತದೆ. ಹಾಸಿಗೆ ಹಿಡಿದ ಅತ್ತೆಯನ್ನೋ ಬುದ್ಧಿ ಬೆಳೆಯದ ಮಗನನ್ನೋ ಹತ್ತು ವರ್ಷ ನೋಡಿಕೊಂಡವರ ತಪಸ್ಸಿಗೆ ಪಾರಣೆಯ ದಿನವೆಂಬುದೇ ಇಲ್ಲ. ಅದನ್ನು ತಪಸ್ಸೆಂದು ಗುರುತಿಸುವವರೂ ವಿರಳ.

ಮೊದಲು ಒಂದು ಶಂಕೆಯನ್ನು ಪರಿಹರಿಸಿಕೊಳ್ಳತಕ್ಕದ್ದು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ವೈಯಾವೃತ್ತ್ಯಕ್ಕೆ ಪಾತ್ರರಾದವರನ್ನು ಆಚಾರ್ಯ, ಉಪಾಧ್ಯಾಯ, ತಪಸ್ವಿ, ಶೈಕ್ಷ, ಗ್ಲಾನ ಮೊದಲಾಗಿ ಹತ್ತು ಬಗೆಯಾಗಿ ಎಣಿಸಲಾಗಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ತ್ಯವನ್ನು ಗೃಹಸ್ಥನ ನಾಲ್ಕನೆಯ ಶಿಕ್ಷಾವ್ರತವೆಂದು ನಿರೂಪಿಸಿದ್ದರೂ ಅಲ್ಲಿಯೂ ಸಂಯಮಿಗಳ ಸೇವೆಯೇ ಮುಖ್ಯ ವಿಷಯ. ಹಾಗಿರುವಾಗ ಮನೆಯೊಳಗಿನ ರೋಗಿಯ ಸೇವೆ ವೈಯಾವೃತ್ತ್ಯವೆನಿಸುವುದೆಂತು? ಅದು ಕೇವಲ ಮೋಹದಿಂದ ಹುಟ್ಟಿದ ಲೌಕಿಕ ಕರ್ತವ್ಯವಲ್ಲವೇ?

ಇದಕ್ಕೆ ಸಮಾಧಾನವಿದು. ತಾಯಿಯ ಮೇಲಣ ಮಮತೆ ಮೋಹವೇ ಸರಿ. ಗೃಹಸ್ಥನು ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಕೆಲವು ತಿಂಗಳು ಕಳೆದ ಬಳಿಕ ಮಮತೆಯೊಂದರಿಂದಲೇ ನಡೆಯುವ ಸೇವೆ ಬತ್ತಿಹೋಗುತ್ತದೆ. ಮಗನ ಹೆಸರನ್ನೇ ಮರೆತ ತಾಯಿ, ತುತ್ತಿಟ್ಟ ಕೈಯನ್ನೇ ಕಚ್ಚುವ ತಂದೆ, ರಾತ್ರಿಯೆಲ್ಲ ಕೂಗುವ ಅತ್ತೆ, ಇವರ ಮುಂದೆ ಉಳಿಯುವುದು ಮಮತೆಗಿಂತ ಗಟ್ಟಿಯಾದ ಬೇರೊಂದು ಗುಣ. ಅದೇ ದಯೆ, ಜುಗುಪ್ಸೆಯನ್ನು ಗೆದ್ದ ನಿರ್ವಿಚಿಕಿತ್ಸೆ. ಸಮ್ಯಗ್ದರ್ಶನದ ಈ ಮೂರನೆಯ ಅಂಗಕ್ಕೆ ಉದ್ದಾಯನ ಮಹಾರಾಜನ ಕಥೆಯೇ ದೃಷ್ಟಾಂತ. ರೋಗಿಷ್ಠ ಮುನಿಯ ವೇಷದಲ್ಲಿ ಬಂದ ದೇವನು ಉಂಡು ವಾಂತಿ ಮಾಡಿದಾಗ ದುರ್ಗಂಧ ತಾಳಲಾರದೆ ಸುತ್ತಲಿನವರು ದೂರ ಸರಿದರು. ಅರಸನೂ ಪ್ರಭಾವತಿ ರಾಣಿಯೂ ನಿಂತು ತೊಳೆದರು. ಆ ಗುಣ ಮುನಿಸೇವೆಯಲ್ಲಿ ಪರಿಪೂರ್ಣವಾಗಿ ಪ್ರಕಟವಾಗುವುದಾದರೂ ಅದರ ಅಭ್ಯಾಸ ಮೊದಲಾಗುವುದು ಮನೆಯ ಒಳಕೋಣೆಯಲ್ಲಿ.

ಈಗ ಪ್ರಕೃತ ವಿಷಯ. ಈ ಸೇವೆ ಒಬ್ಬರೇ ಹೊರಬೇಕಾದ ಭಾರವೇ? ನೆರವನ್ನು ಬೇಡುವುದು ಸೇವಾಧರ್ಮಕ್ಕೆ ಕುಂದೇ?

ಒಂದು ಮನೆಯನ್ನು ಭಾವಿಸಿಕೊಳ್ಳಬಹುದು. ಅತ್ತೆಗೆ ಪಾರ್ಶ್ವವಾಯು ಬಡಿದು ಆರು ವರ್ಷ. ಹಿರಿಯ ಮಗ ಬೆಂಗಳೂರಿನಲ್ಲಿ, ಕಿರಿಯವನು ಮುಂಬಯಿಯಲ್ಲಿ. ನಡುವಿನವನು ಊರಿನಲ್ಲಿದ್ದು ಅಂಗಡಿ ನೋಡಿಕೊಳ್ಳುತ್ತಾನೆ. ಅತ್ತೆಯನ್ನು ತೊಳೆಯುವುದು, ಉಣಿಸುವುದು, ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸುವುದು ಎಲ್ಲವೂ ಊರಿನ ಸೊಸೆಯೊಬ್ಬಳ ಪಾಲಿಗೆ. ಆಕೆ ಬಸದಿಯ ಮೆಟ್ಟಲು ಹತ್ತಿ ಎಷ್ಟೋ ಕಾಲವಾಯಿತು. ಬೇಸಗೆಯ ರಜೆಯಲ್ಲಿ ಬಂದವರು ಎರಡು ದಿನವಿದ್ದು, ‘ನಮ್ಮ ಮನೆಯ ಅತ್ತಿಮಬ್ಬೆ’ ಎಂದು ಕೊಂಡಾಡಿ ಹೋಗುತ್ತಾರೆ. ದಾನಚಿಂತಾಮಣಿಯ ಹೆಸರಿನಿಂದ ಹೊಗಳುವವರು ತಾವು ಏನು ದಾನ ಮಾಡಿದೆವೆಂದು ಕೇಳಿಕೊಳ್ಳುವುದಿಲ್ಲ. ಹೊಗಳಿಕೆಗೆ ವೆಚ್ಚ ತಗಲುವುದಿಲ್ಲ. ಹೊಗಳಿಸಿಕೊಂಡವಳಿಗೆ ಮಾತ್ರ ಇನ್ನು ಮುಂದೆ ‘ಆಗದು’ ಎನ್ನುವ ಬಾಯಿ ಕಟ್ಟಿಹೋಗುತ್ತದೆ.

ಶಾಸ್ತ್ರದ ದೃಷ್ಟಿ ಬೇರೆ. ಶಿವಾರ್ಯರ, ಅಂದರೆ ಶಿವಕೋಟ್ಯಾಚಾರ್ಯರ, ಭಗವತೀ ಆರಾಧನೆ ಸಮಾಧಿಮರಣವನ್ನು ವಿಸ್ತಾರವಾಗಿ ವಿವರಿಸುವ ಪ್ರಾಕೃತ ಗ್ರಂಥ. ಕನ್ನಡದ ವಡ್ಡಾರಾಧನೆಯ 19 ಕಥೆಗಳ ಬೇರು ಇರುವುದು ಆ ಗ್ರಂಥದ ಪರಂಪರೆಯಲ್ಲಿಯೇ. ಸಲ್ಲೇಖನೆಯನ್ನು ಕೈಕೊಂಡ ಒಬ್ಬ ಕ್ಷಪಕನಿಗೆ ಎಷ್ಟು ಮಂದಿ ನಿರ್ಯಾಪಕರು, ಅಂದರೆ ಪರಿಚಾರಕ ಮುನಿಗಳು, ಇರಬೇಕೆಂದು ಅದು ವಿಧಿಸುತ್ತದೆ. ಆ ಸಂಖ್ಯೆ 48. ಕ್ಷಪಕನನ್ನು ಎತ್ತಿ ಕುಳ್ಳಿರಿಸಲು, ಮಗ್ಗುಲಾಗಿಸಲು ನಾಲ್ವರು, ಧರ್ಮಕಥೆ ಹೇಳಲು ನಾಲ್ವರು, ಆಹಾರಕ್ಕೆ ನಾಲ್ವರು, ಪಾನಕ್ಕೆ ನಾಲ್ವರು, ಮಲಮೂತ್ರ ವಿಸರ್ಜನೆಗೂ ಹಾಸುಗೆಯ ಶೋಧನೆಗೂ ನಾಲ್ವರು, ರಾತ್ರಿ ಎಚ್ಚರವಿರಲು ನಾಲ್ವರು, ಬಾಗಿಲು ಕಾಯಲು ನಾಲ್ವರು. ಹೀಗೆ ಕೆಲಸ ಕೆಲಸಕ್ಕೂ ನಾಲ್ವರಂತೆ ಹನ್ನೆರಡು ಗುಂಪುಗಳು. ಕಾಲ ವಿಷಮವಾದಂತೆ ಈ ಸಂಖ್ಯೆಯನ್ನು ಇಳಿಸಬಹುದೆಂದೂ ಗ್ರಂಥ ಒಪ್ಪುತ್ತದೆ. ಇಳಿಯುತ್ತ ಇಳಿಯುತ್ತ ನಾಲ್ವರಾಗಬಹುದು, ಕಡೆಗೆ ಇಬ್ಬರಾಗಬಹುದು. ಒಬ್ಬನಾಗಕೂಡದು.

ಒಬ್ಬನೇಕೆ ಸಾಲನೆಂಬುದಕ್ಕೆ ಅಲ್ಲಿ ಕಾರಣವನ್ನೂ ಹೇಳಿದೆ. ನಿರ್ಯಾಪಕನು ಒಬ್ಬನೇ ಆದಲ್ಲಿ ಅವನು ತನ್ನ ಭಿಕ್ಷೆ, ನಿದ್ರೆ ಮೊದಲಾದವುಗಳಿಗೆ ಹೋದರೆ ಕ್ಷಪಕನನ್ನು ತೊರೆದಂತಾಯಿತು. ಹೋಗದೆ ಬಳಿಯಲ್ಲಿಯೇ ಕುಳಿತರೆ ತನ್ನನ್ನು ತಾನು ತೊರೆದಂತಾಯಿತು. ಇಬ್ಬರಲ್ಲಿ ಯಾರು ಕೆಟ್ಟರೂ ಧರ್ಮಕ್ಕೆ ಅಪವಾದ ಬರುತ್ತದೆ. ದೇಹದ ಮೇಲಣ ಮಮತೆಯನ್ನು ನೀಗಿದ ದಿಗಂಬರ ಮುನಿಯ ವಿಷಯದಲ್ಲಿಯೇ ಈ ಮಾತು! ಮಕ್ಕಳ ಶಾಲೆ, ಒಲೆ, ಬಟ್ಟೆ, ಬಂದುಹೋಗುವವರ ಉಪಚಾರ ಎಲ್ಲವನ್ನೂ ನಡೆಸುತ್ತಲೇ ರೋಗಿಯನ್ನು ನೋಡಿಕೊಳ್ಳಬೇಕಾದ ಗೃಹಿಣಿಗೆ ಅದು ಇನ್ನೆಷ್ಟು ಪಾಲು ಹೆಚ್ಚಾಗಿ ಅನ್ವಯಿಸದು? ಒಂಟಿಯಾಗಿ ಸಹಿಸುವುದೇ ಉತ್ತಮ ಸೇವೆಯೆಂಬ ಭಾವನೆ ಲೋಕರೂಢಿಯಿಂದ ಬಂದದ್ದು, ಆಗಮದಿಂದ ಬಂದದ್ದಲ್ಲ.

ಅಹಿಂಸೆಯ ದೃಷ್ಟಿಯಿಂದಲೂ ಇದನ್ನು ಪರ್ಯಾಲೋಚಿಸಬೇಕು. ಪ್ರಮಾದಯುಕ್ತ ಪ್ರವೃತ್ತಿಯಿಂದಾಗುವ ಪ್ರಾಣಘಾತವೇ ಹಿಂಸೆಯೆಂಬುದು ಜೈನಸಿದ್ಧಾಂತ. ಮೂರು ರಾತ್ರಿ ನಿದ್ದೆಗೆಟ್ಟವಳು ಬೆಳಗಿನ ಗುಳಿಗೆಯ ಬದಲು ರಾತ್ರಿಯ ಗುಳಿಗೆ ಕೊಡುತ್ತಾಳೆ. ಒರಗಿಸದೆಯೇ ನೀರು ಕುಡಿಸಿ ರೋಗಿಗೆ ಉಸಿರು ಸಿಕ್ಕಿಕೊಳ್ಳುವಂತೆ ಮಾಡುತ್ತಾಳೆ. ಸೊಂಟ ಉಳುಕಿ ರೋಗಿಯನ್ನೂ ಕೆಡವಿ ತಾನೂ ಬೀಳುತ್ತಾಳೆ. ಕಡೆಗೊಂದು ದಿನ ಕಟುವಾದ ಮಾತು ಬಾಯಿಂದ ಬೀಳುತ್ತದೆ; ಕೈ ಒರಟಾಗುತ್ತದೆ; ಆ ರಾತ್ರಿಯೇ ಪಶ್ಚಾತ್ತಾಪದಿಂದ ಕಣ್ಣೀರು ಸುರಿಯುತ್ತದೆ. ಆಕೆಯ ದಯೆ ಬತ್ತಿತೆಂದು ಇದರ ಅರ್ಥವಲ್ಲ, ಬತ್ತಿರುವುದು ದೇಹಶಕ್ತಿ. ಆದುದರಿಂದ ಶುಶ್ರೂಷೆ ಮಾಡುವವರ ವಿಶ್ರಾಂತಿಯನ್ನು ಸುಖಲೋಲುಪತೆಯೆಂದು ಬಗೆಯಲಾಗದು. ಅದು ಅಪ್ರಮಾದದ ಸಾಧನ, ಅಹಿಂಸೆಯ ಒಂದು ಅಂಗ. ಆ ವಿಶ್ರಾಂತಿಯನ್ನು ಒದಗಿಸಿಕೊಡಬಲ್ಲವರು ಸುಮ್ಮನೆ ಕುಳಿತರೆ ಆ ಪ್ರಮಾದದಲ್ಲಿ ಅವರಿಗೂ ಪಾಲುಂಟು.

ನೆರವು ಬೇಡುವುದಕ್ಕೆ ಅಡ್ಡಬರುವ ಆಕ್ಷೇಪಗಳು ಹಲವು. ‘ಮನೆಯ ಸಂಗತಿ ಹೊರಗೆ ಹೋಗಬಾರದು’ ಎಂಬುದು ಮೊದಲನೆಯದು. ಅರಳುಮರಳಾದ ವೃದ್ಧರು, ಮನೋರೋಗಿಗಳು, ಅಂಗವಿಕಲ ಮಕ್ಕಳು ಇರುವ ಮನೆಗಳಲ್ಲಿ ಹೆಣ್ಣುಮಕ್ಕಳ ಸಂಬಂಧಕ್ಕೆ ತೊಡಕಾದೀತೆಂಬ ಭಯದಿಂದ ಬಾಗಿಲನ್ನೇ ಮುಚ್ಚಿಬಿಡುತ್ತಾರೆ. ಕೆಲವರು ಇದನ್ನೇ ಉಪಗೂಹನ ಅಂಗವೆಂದು ಭ್ರಮಿಸುವುದೂ ಉಂಟು. ಉಪಗೂಹನವೆಂದರೆ ಧರ್ಮಮಾರ್ಗದಲ್ಲಿರುವವರ ದೋಷಗಳನ್ನು ಬಯಲಿಗೆಳೆಯದಿರುವುದು. ರೋಗ ದೋಷವಲ್ಲ, ಅಸಾತಾವೇದನೀಯದ ಉದಯ. ಅದನ್ನು ಮುಚ್ಚಿಟ್ಟರೆ ರೋಗಿಗೆ ಚಿಕಿತ್ಸೆ ತಪ್ಪುತ್ತದೆ. ನೋಡಿಕೊಳ್ಳುವವರಿಗೆ ಆಸರೆ ತಪ್ಪುತ್ತದೆ. ಅದೇ ಎಂಟು ಅಂಗಗಳ ಸಾಲಿನಲ್ಲಿ ಉಪಗೂಹನದ ಮುಂದೆಯೇ ಸ್ಥಿತಿಕರಣ ಮತ್ತು ವಾತ್ಸಲ್ಯಗಳಿವೆ. ಜಾರುತ್ತಿರುವವರನ್ನು ಹಿಡಿದು ನಿಲ್ಲಿಸುವುದು, ಸಹಧರ್ಮಿಗಳಲ್ಲಿ ಕರುವಿನ ಮೇಲೆ ಹಸುವಿಗಿರುವಂತಹ ಪ್ರೀತಿಯನ್ನು ತೋರುವುದು ಸಮಾಜದ ಹೊಣೆ. ಕಷ್ಟವನ್ನು ಯಾರೂ ಹೇಳದಿದ್ದರೆ ಈ ಎರಡು ಅಂಗಗಳನ್ನು ಯಾರೂ ಆಚರಿಸಲಾರರು.

‘ಅವರವರ ಕರ್ಮ ಅವರವರು ಉಣ್ಣಬೇಕು’ ಎಂಬುದು ಎರಡನೆಯದು. ಕರ್ಮೋದಯವು ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತವನ್ನು ಅಪೇಕ್ಷಿಸುತ್ತದೆಂದು ಬಲ್ಲವರು ಹೀಗೆ ಹೇಳಲಾರರು. ಅನ್ಯರ ನೆರವಿಗೆ ಕರ್ಮಸಿದ್ಧಾಂತವೇ ಅಡ್ಡಿಯಾಗಿದ್ದ ಪಕ್ಷದಲ್ಲಿ ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಸೇರಿಸುತ್ತಲೇ ಇರಲಿಲ್ಲ. ಕರ್ಮದ ಮಾತನ್ನು ತನ್ನ ಕಷ್ಟದಲ್ಲಿ ಸಮತೆಗಾಗಿ ಆಡಿಕೊಳ್ಳಬೇಕು. ಪರರ ಕಷ್ಟದಲ್ಲಿ ಜಾರಿಕೊಳ್ಳುವುದಕ್ಕಾಗಿ ಆಡಬಾರದು.

ಶೋಧದ ಅಡಿಗೆ ನಡೆಯುವ ಮನೆಗೆ ಹೊರಗಿನವರನ್ನು ಸೇರಿಸುವುದೆಂತೆಂಬುದು ಮೂರನೆಯದು. ಇದು ಉಪೇಕ್ಷಿಸತಕ್ಕ ಆಕ್ಷೇಪವಲ್ಲ. ಆದರೆ ಪರಿಹಾರವಿಲ್ಲದ್ದೂ ಅಲ್ಲ. ನೀರು ಸೋಸುವುದು, ಅಡಿಗೆ, ಸೂರ್ಯಾಸ್ತದೊಳಗಿನ ಊಟ ಇವು ಮನೆಯವರ ಕೈಯಲ್ಲಿರಲಿ. ಸ್ನಾನ ಮಾಡಿಸುವುದು, ಎತ್ತಿ ಕೂರಿಸುವುದು, ಬಟ್ಟೆ ಒಗೆಯುವುದು, ರಾತ್ರಿಯ ಕಾವಲು ಇವನ್ನು ಸಂಬಳದ ದಾದಿಗೆ ಒಪ್ಪಿಸಬಹುದು. ಅಡಿಗೆಮನೆಯ ಹೊಸಿಲನ್ನು ಕಾಯುವ ಸಲುವಾಗಿ ಸೊಸೆಯ ಆರೋಗ್ಯವನ್ನು ಬಲಿಗೊಡಬೇಕಾಗಿಲ್ಲ.

ವ್ರತದ ವಿಷಯದಲ್ಲಿ ಶುಶ್ರೂಷೆ ಮಾಡುವವರನ್ನು ಕಾಡುವ ಅಳುಕು ಇನ್ನೊಂದು. ಹಿಡಿದ ನೋಂಪಿ ಬಿಟ್ಟುಹೋಯಿತು, ಅಷ್ಟಾಹ್ನಿಕದಲ್ಲಿ ಏಕಭುಕ್ತವೂ ಆಗಲಿಲ್ಲವೆಂದು ಅವರು ಕೊರಗುತ್ತಾರೆ. ಭಾದ್ರಪದದಲ್ಲಿ ಆರಾಧಿಸುವ ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ‘ಶಕ್ತಿತಃ’ ಎಂಬ ಮೇರೆಯೊಡನೆಯೇ ಹೇಳಿದೆ. ಅದೇ ಸಾಲಿನಲ್ಲಿ ವೈಯಾವೃತ್ತ್ಯವೂ ಒಂದು ಸ್ವತಂತ್ರ ಭಾವನೆಯಾಗಿದೆ. ರೋಗಿಯನ್ನು ಎತ್ತಬೇಕಾದ ಕೈ ನಡುಗುವಷ್ಟು ಉಪವಾಸ ಮಾಡುವುದು ಶಕ್ತಿಯ ಮೇರೆಯನ್ನು ಮೀರಿದಂತೆ. ಅಂತಹವರು ವ್ರತವನ್ನು ಬಿಟ್ಟೆವೆಂದು ತಿಳಿಯದೆ, ಗುರುಗಳಲ್ಲಿ ನಿವೇದಿಸಿ ಅವಮೌದರ್ಯ ಅಥವಾ ರಸಪರಿತ್ಯಾಗದಂತಹ ಲಘುನಿಯಮವನ್ನು ಪಡೆಯಬಹುದು.

ರೋಗಿಯ ವ್ರತವೂ ಪ್ರಶ್ನೆಗಳನ್ನೊಡ್ಡುತ್ತದೆ. ರಾತ್ರಿಭೋಜನತ್ಯಾಗವಿರುವ ವೃದ್ಧರಿಗೆ ರಾತ್ರಿಯ ಔಷಧವನ್ನು ಕೊಡಬಹುದೇ? ಕೆಲವು ಗುಳಿಗೆಗಳ ವೇಳೆಯನ್ನು ವೈದ್ಯರು ಸೂರ್ಯಾಸ್ತದ ಮೊದಲಿಗೆ ಹೊಂದಿಸಿಕೊಡಬಲ್ಲರು. ಹೊಂದದಿದ್ದಲ್ಲಿ ವ್ರತವಿತ್ತ ಗುರುಗಳನ್ನು ಕೇಳಬೇಕು. ಸಕ್ಕರೆ ರೋಗದವರು ಉಪವಾಸಕ್ಕೆ ನಿಂತಾಗ ಇನ್ಸುಲಿನ್ನಿನ ಪ್ರಮಾಣವನ್ನು ಮನೆಯವರು ಊಹೆಯಿಂದ ಬದಲಿಸುವುದು ಪ್ರಾಣಾಪಾಯಕರ. ವ್ರತದ ದಿನಕ್ಕೆ ಮೊದಲೇ ವೈದ್ಯರ ಸಲಹೆ ಪಡೆಯತಕ್ಕದ್ದು. ಇಂತಹ ನಿರ್ಣಯಗಳನ್ನು ದಣಿದ ಒಂದು ಜೀವದ ಮೇಲೆ ಹೊರಿಸಿ ಉಳಿದವರು ತಪ್ಪೊಪ್ಪುಗಳ ವಿಮರ್ಶೆಗೆ ಕೂರುವುದು ನ್ಯಾಯವಲ್ಲ.

ಸಲ್ಲೇಖನೆಯ ಮಾತನ್ನಂತೂ ಅತ್ಯಂತ ಎಚ್ಚರದಿಂದ ಆಡಬೇಕು. ಅದು ಆರಾಧಕನ ಸ್ವಂತ ಸಂಕಲ್ಪ, ಗುರುವಿನ ಅನುಮತಿ, ಮತ್ತು ಸ್ಪಷ್ಟವಾದ ಪ್ರಜ್ಞೆ ಇವುಗಳಿಂದ ಕೂಡಿದ ವ್ರತ. ನೋಡಿಕೊಳ್ಳುವವರ ದಣಿವು ಅದಕ್ಕೆ ಎಂದಿಗೂ ಕಾರಣವಾಗಬಾರದು. ಪ್ರಜ್ಞೆ ತಪ್ಪಿದವರ, ಅರಳುಮರಳಾದವರ ಪರವಾಗಿ ಅನ್ಯರು ಸಂಕಲ್ಪ ಮಾಡಲಾಗದು. ಸಾಕಾಯಿತೆಂಬ ಮಾತು ಮನೆಯಲ್ಲಿ ಕೇಳಿಬಂದರೆ ನೆರವು ಬೇಕಾಗಿದೆಯೆಂದು ಬಂಧುಗಳು ಅರ್ಥ ಮಾಡಿಕೊಳ್ಳಬೇಕು.

ಹಾಗಾದರೆ ನೆರವೂ ಸಲಹೆಯೂ ಎಲ್ಲಿ ದೊರಕುತ್ತವೆ? ದೂರ ಹುಡುಕುವ ಮೊದಲು ಊರಿನಲ್ಲಿಯೇ ವಿಚಾರಿಸತಕ್ಕದ್ದು. ಹಳ್ಳಿಯ ಆಶಾ ಕಾರ್ಯಕರ್ತೆಯ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರದ ಸಂಪರ್ಕ ಸಾಧ್ಯ. ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವ ಕ್ರಮ, ಸೊಂಟಕ್ಕೆ ಪೆಟ್ಟಾಗದಂತೆ ಎತ್ತುವ ಕ್ರಮ, ತಲೆಯನ್ನೆತ್ತರಿಸಿ ಕುಳ್ಳಿರಿಸಿ ಉಣಿಸುವ ಕ್ರಮ ಇವನ್ನು ಅಲ್ಲಿಯ ದಾದಿಯರಿಂದ ನೋಡಿ ಕಲಿಯಬೇಕು. ನಾಚಿಕೆಯಿಂದ ಕೇಳದೆ ಬಿಡಬಾರದು. ಕರ್ನಾಟಕದಲ್ಲಿ ಅಂಗವಿಕಲರ ಸಲುವಾಗಿ ಗ್ರಾಮ ಪಂಚಾಯತಿಯ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಗುರುತಿನ ಚೀಟಿ, ಮಾಸಾಶನ, ಸಾಧನ ಸಲಕರಣೆಗಳ ವಿಷಯವನ್ನು ಅವರಲ್ಲಿ ಕೇಳಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯನ್ನು ಕೂಡ ಹೆಸರಿಸಿದೆ. ಬುದ್ಧಿಮಾಂದ್ಯ, ಮೆದುಳಿನ ಪಾರ್ಶ್ವವಾಯು, ಆಟಿಸಂ ಇರುವ ಮಕ್ಕಳು ಪ್ರಾಪ್ತವಯಸ್ಕರಾದ ಮೇಲೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಪಾಲಕರನ್ನು ನೇಮಿಸಿಕೊಡುತ್ತದೆ. ಅದೇ ನ್ಯಾಸದ ‘ನಿರಾಮಯ’ ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯುಂಟು. ‘ತಾನು ತೀರಿಕೊಂಡ ಮೇಲೆ ಈ ಮಗುವಿನ ಗತಿಯೇನು’ ಎಂಬ ತಾಯಿಯ ಚಿಂತೆಗೆ ಇವು ಪೂರ್ಣ ಪರಿಹಾರವಲ್ಲದಿದ್ದರೂ ಮೊದಲ ಹೆಜ್ಜೆಗಳು.

ಮನಸ್ಸು ಕುಗ್ಗಿದಾಗ ಮಾತನಾಡಲು ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆ 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ಸಂಖ್ಯೆ 14416. ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡಬಹುದು. ರೋಗಿಯಷ್ಟೇ ಅಲ್ಲದೆ ನೋಡಿಕೊಳ್ಳುವವರೂ ತಮ್ಮ ದುಃಖವನ್ನು ಹೇಳಿಕೊಳ್ಳಬಹುದು. ವೃದ್ಧರ ಕಷ್ಟಗಳಿಗೆ 14567 ಸಂಖ್ಯೆಯಿದೆ. ಮರೆವಿನ ರೋಗ ಮತ್ತು ಮನೋರೋಗಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಿವೆ. ಮುಂದುವರಿದ ಕ್ಯಾನ್ಸರ್ ರೋಗಿಗಳನ್ನು ಬೆಂಗಳೂರಿನ ಕರುಣಾಶ್ರಯ ಶುಲ್ಕವಿಲ್ಲದೆ ನೋಡಿಕೊಳ್ಳುತ್ತದೆ. ಶ್ರೀಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ಜನಮಂಗಲ’ ಕಾರ್ಯಕ್ರಮದಲ್ಲಿ ಗಾಲಿಕುರ್ಚಿ, ನೀರಿನ ಹಾಸಿಗೆ, ವಾಕರ್ ಮೊದಲಾದವನ್ನು ಅಗತ್ಯವಿರುವವರಿಗೆ ಕೊಡುತ್ತಾರೆ. ಮಕ್ಕಳು ಹೊಣೆಯಿಂದ ಜಾರಿಕೊಂಡರೆ 2007ರ ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯಂತೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಲಿಗೆ ತಂದೆತಾಯಿ ಅರ್ಜಿ ಕೊಡಬಹುದು. ಆದರೆ ಶ್ರಾವಕ ಕುಟುಂಬವೊಂದು ಅಲ್ಲಿಯವರೆಗೆ ಹೋಗುವುದಕ್ಕಿಂತ ಮೊದಲೇ ಅಣ್ಣತಮ್ಮಂದಿರು, ಅಕ್ಕತಂಗಿಯರು ಕೂಡಿ ಕುಳಿತು ಹಂಚಿಕೊಳ್ಳುವುದು ಲೇಸು. ಹಣ ಕಳುಹಿಸಿದೊಡನೆ ದೂರದ ಮಗನ ಹೊಣೆ ತೀರುವುದಿಲ್ಲ. ವರ್ಷಕ್ಕೆ ಹದಿನೈದು ದಿನ ಅವನು ಬಂದು ತಾಯಿಯ ಮಂಚದ ಬಳಿ ಮಲಗಿ, ತಮ್ಮನ ಹೆಂಡತಿಯನ್ನು ತವರಿಗೋ ತೀರ್ಥಕ್ಕೋ ಕಳುಹಿಸಲಿ. ರಾತ್ರಿ ಎಷ್ಟು ದೀರ್ಘವೆಂಬುದು ಹಣ ಕಳುಹಿಸಿದವನಿಗೆ ತಿಳಿಯದು, ಎಚ್ಚರವಿದ್ದವನಿಗೆ ತಿಳಿಯುತ್ತದೆ.

ಬಸದಿಯ ಪಂಚರೂ ಮಹಿಳಾ ಸಮಾಜದವರೂ ಮಾಡಬಹುದಾದುದು ಅಲ್ಪವಲ್ಲ, ದುಸ್ಸಾಧ್ಯವೂ ಅಲ್ಲ. ಊರಿನಲ್ಲಿ ಯಾವ ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಅವರನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಅಂತಹ ಮನೆಗೆ ನಾಲ್ಕೇ ಮಂದಿ ಗೊತ್ತಾಗಲಿ. ಒಬ್ಬರು ಔಷಧ ತಂದುಕೊಡಲಿ. ಒಬ್ಬರು ಕಚೇರಿಯ ಅರ್ಜಿ ಬರೆಯಲಿ. ಒಬ್ಬರು ಚತುರ್ದಶಿಯ ದಿನ ಎರಡು ಗಂಟೆ ರೋಗಿಯ ಬಳಿ ಕುಳಿತು ಆ ಮನೆಯವಳನ್ನು ಅಭಿಷೇಕ ನೋಡಲು ಕಳುಹಿಸಲಿ. ಒಬ್ಬರು ಏನನ್ನೂ ಬೋಧಿಸದೆ ಆಕೆಯ ಮಾತನ್ನು ಕೇಳಲಿ. ನಲವತ್ತೆಂಟರ ಸ್ಥಾನದಲ್ಲಿ ನಾಲ್ವರು! ಕಾಲ ಎಷ್ಟು ವಿಷಮವಾದರೂ ಅಷ್ಟು ಜನ ಸಿಗದ ಬಸದಿಯಿಲ್ಲ.

ನೋಂಪಿಯ ಉದ್ಯಾಪನೆಯಲ್ಲಿ ಶಾಸ್ತ್ರದಾನ, ಉಪಕರಣದಾನಗಳನ್ನು ಮಾಡುವ ಪದ್ಧತಿ ಹಳೆಯದು. ಬಸದಿಯ ಕಪಾಟಿನಲ್ಲಿ ಈಗಾಗಲೇ ತುಂಬಿರುವ ಪಾತ್ರೆಗಳ ಜೊತೆಗೆ ಇನ್ನೊಂದು ಪಾತ್ರೆಯನ್ನಿಡುವ ಬದಲು, ನೀರಿನ ಹಾಸಿಗೆಯೊಂದನ್ನೋ ಗಾಲಿಕುರ್ಚಿಯೊಂದನ್ನೋ ಕೊಟ್ಟರೆ ಅದು ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗುತ್ತ ಹಲವು ಜೀವಗಳ ವೇದನೆಯನ್ನು ತಗ್ಗಿಸೀತು. ಬರುವ ಭಾದ್ರಪದದಲ್ಲಿ ಷೋಡಶಕಾರಣ ವ್ರತ ಹಿಡಿಯುವವರು ವೈಯಾವೃತ್ತ್ಯ ಭಾವನೆಯ ದಿನ ಅರ್ಘ್ಯವೆತ್ತಿದ ಬಳಿಕ ನೆರೆಮನೆಯ ರೋಗಿಯ ಬಾಗಿಲಿಗೆ ಹೋಗಿ, ‘ಇಂದು ರಾತ್ರಿ ಇಲ್ಲಿ ಎಚ್ಚರವಿರುತ್ತೇವೆ, ತಾವು ಮಲಗಿ’ ಎಂದು ಹೇಳಲಿ.